ವೇಳಾಪಟ್ಟಿಯ ಹಿಂದಿನ ಹಾಳೆ
(ಬಾನುಲಿ ಭಾಷಣ)

ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ವೇಳಾಪಟ್ಟಿಯನ್ನು ಕಂಡವರೇ. ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ ಕೆಂಪು, ನೀಲಿ ಶಾಯಿಯ ಗೆರೆಗಳ ನಡುವೆ ಅದು ವರ್ಷವಿಡೀ ತೂಗಾಡುತ್ತಿರುತ್ತದೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಹಾಳೆ ಸಿದ್ಧವಾಗಿರುತ್ತದೆ. ಅದನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಯಾವ ತರಗತಿಗೆ ಯಾವ ವಿಷಯಗಳು, ಒಂದೊಂದಕ್ಕೆ ವಾರಕ್ಕೆ ಎಷ್ಟು ಪೀರಿಯಡ್ಡು, ಹೇಳಿಕೊಡುವವರು ಯಾರು, ಮಕ್ಕಳೆಷ್ಟು, ಯಾವ ಕೊಠಡಿ, ಪ್ರಯೋಗದ ಪಾಠಕ್ಕೆ ಒಟ್ಟಾಗಿ ಎರಡು ಪೀರಿಯಡ್ಡು ಬೇಕೋ ಬೇಡವೋ, ಎಲ್ಲಕ್ಕಿಂತ ಮಿಗಿಲಾಗಿ, ಯಾವ ಮಗುವಿಗೆ ಯಾವ ಭಾಷೆ ಮೊದಲನೆಯದು—ಇವೆಲ್ಲ ಅದರಲ್ಲಿರುತ್ತವೆ. ಈ ಹಾಳೆ ಮುಗಿದ ಮೇಲೆ ಉಳಿಯುವುದು ಚೌಕಗಳನ್ನು ತುಂಬುವ ಜಾಣತನ ಮಾತ್ರ. ಅನೇಕ ವರ್ಷ ಈ ಕೆಲಸ ಮಾಡಿದವನಾದ್ದರಿಂದ ಹೇಳುತ್ತೇನೆ: ಒಂದೇ ತರಗತಿಯಲ್ಲಿ ಕೆಲವರಿಗೆ ಕನ್ನಡ, ಕೆಲವರಿಗೆ ಉರ್ದು ಪ್ರಥಮ ಭಾಷೆಯಾದರೆ ಆ ಇಬ್ಬರು ಉಪಾಧ್ಯಾಯರೂ ಒಂದೇ ಗಳಿಗೆಯಲ್ಲಿ ಬಿಡುವಾಗಿರಬೇಕು. ಆದ್ದರಿಂದ ಭಾಷೆಯ ಪೀರಿಯಡ್ಡನ್ನು ಮೊದಲು ಮೊಳೆ ಹೊಡೆದಂತೆ ನಿಲ್ಲಿಸಿ, ಮಿಕ್ಕ ವಿಷಯಗಳನ್ನು ಅದರ ಸುತ್ತ ಹೊಂದಿಸಬೇಕು.

ಈ ಮೊದಲ ಹಾಳೆಯಲ್ಲಿ ಚರಿತ್ರೆ ಅಡಗಿರುತ್ತದೆಂಬುದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳಷ್ಟು ಒಳ್ಳೆಯ ಸಾಕ್ಷಿ ಬೇರೆಲ್ಲಿದೆಯೋ ನಾನರಿಯೆ. ಕೊಳ್ಳೇಗಾಲದಿಂದ ಯಳಂದೂರಿಗೆ ನಾಲ್ಕೈದು ಹರದಾರಿಯೂ ಇಲ್ಲ. ಎರಡು ಊರಿನ ಮಾತೂ ಒಂದೇ, ಹಾಡುವ ಮಾದೇಶ್ವರನ ಕಥೆಯೂ ಒಂದೇ. ಆದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕುಂಪಣಿಯ ಪಾಲಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲುಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಹನೂರು ಆಗ ಕೊಳ್ಳೇಗಾಲದ ಒಳಗೇ ಇತ್ತು. ಅದು ಬೇರೆ ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ. ಹೀಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನೆರೆಯೂರುಗಳ ಮಕ್ಕಳ ಪಾಠಪಟ್ಟಿ ಎರಡು ಬೇರೆ ಬೇರೆ ರಾಜಧಾನಿಗಳಲ್ಲಿ ತೀರ್ಮಾನವಾಗುತ್ತಿತ್ತು.

ಅದಕ್ಕೂ ಹಿಂದೆ, ಐಗಳ ಮಠಗಳ ಕಾಲದಲ್ಲಿ, ಇಂಥ ಹಾಳೆಯೇ ಬೇಕಾಗಿರಲಿಲ್ಲ. 1822ರಲ್ಲಿ ಗವರ್ನರ್ ತಾಮಸ್ ಮನ್ರೋ ಆಧಿಪತ್ಯದ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ ಕೊಯಮತ್ತೂರು ಜಿಲ್ಲೆಯಿಂದ ಹೋದ ಸಂಖ್ಯೆ 763. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ಬರಿಯ ಅಂಕಿಗೆ ನಿಲ್ಲದೆ ಶಾಲೆಯ ದಿನಚರಿಯನ್ನೇ ಕಣ್ಣಿಗೆ ಕಟ್ಟಿಸುತ್ತದೆ. ಬೆಳಗಿನ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂದು. ಮೂರನೆಯವನಿಂದ ಒಂದೊಂದಾಗಿ ಏರುವ ಏಟುಗಳು. ಸಾಮಾನ್ಯವಾಗಿ ನಾಲ್ಕು ಗುಂಪು. ಚಿಕ್ಕವರಿಗೆ ದೊಡ್ಡ ಹುಡುಗರೇ ಗುರುಗಳು. ಶಕ್ತಿ ಬಂದಂತೆ ಮುಂದಿನ ಗುಂಪಿಗೆ ಏರುವುದು. ಕಲಿಸುವವನು ಒಬ್ಬನೇ. ಒಬ್ಬ ಉಪಾಧ್ಯಾಯ ಎಲ್ಲವನ್ನೂ ಕಲಿಸುವಲ್ಲಿ ಇಬ್ಬರ ಸಮಯ ಡಿಕ್ಕಿ ಹೊಡೆಯುವ ಭಯವೆಲ್ಲಿಯದು? ವರುಷಕ್ಕೊಂದು ತರಗತಿ, ವಿಷಯಕ್ಕೊಬ್ಬ ಉಪಾಧ್ಯಾಯ ಎಂಬ ಏರ್ಪಾಡು ಬಂದ ಮೇಲೆಯೇ ಗಂಟೆ ಬಂತು, ಗಂಟೆಯ ಹಿಂದೆ ಪಟ್ಟಿ ಬಂತು. (ಏಟಿನ ಲೆಕ್ಕ ಮಾತ್ರ ಹೊಸ ಶಾಲೆಗೂ ಬಹುಕಾಲ ನಡೆದುಬಂತು.)

ಮೈಸೂರಿನಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದಾಗ ಕನ್ನಡದ ಸ್ಥಾನವನ್ನು ಯಾರೂ ಪ್ರಶ್ನಿಸಬೇಕಾಗಿರಲಿಲ್ಲ. ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಆ ವಿದ್ವಾಂಸರು ಹಳ್ಳಿಯ ಮಗುವಿನ ಮೊದಲ ಅಕ್ಷರದ ಬಗೆಗೂ ಅಷ್ಟೇ ಆಸ್ಥೆಯಿಂದ ಯೋಚಿಸಿದರು. ಯಳಂದೂರು ಆ ಕಡೆಯದು. ಕೊಳ್ಳೇಗಾಲವಾದರೋ ತಮಿಳು ಬಹುಸಂಖ್ಯೆಯ ಜಿಲ್ಲೆಯೊಂದರ ಬಡಗಣ ತುದಿಯ ಕನ್ನಡ ತಾಲ್ಲೂಕು. ಜಿಲ್ಲೆಗೆಲ್ಲ ಒಂದೇ ಎಂದು ಬರೆದ ಪಟ್ಟಿಯಲ್ಲಿ ಅದು ಯಾವಾಗಲೂ ಅಡಿಟಿಪ್ಪಣಿ. ತರಗತಿಗಳ ಹೆಸರೇ ಬೇರೆ: ಮದರಾಸಿನ ಹೈಸ್ಕೂಲಿನಲ್ಲಿ ‘ಫಾರಂ’ಗಳು, ಆರನೆಯ ಫಾರಂ ಎಂದರೆ ಎಸ್.ಎಸ್.ಎಲ್.ಸಿ.; ಮೈಸೂರಿನಲ್ಲಿ ಮಿಡ್ಲ್ ಸ್ಕೂಲು, ಲೋಯರ್ ಸೆಕೆಂಡರಿ. ನಂಟಸ್ತಿಕೆ ಬೆಳೆಸಿದ ಮನೆಗಳಲ್ಲಿ ಹುಡುಗ ಎಷ್ಟನೆಯ ಕ್ಲಾಸು ಎಂದು ಕೇಳಿದರೆ ಉತ್ತರವನ್ನೂ ಅನುವಾದ ಮಾಡಿಕೊಳ್ಳಬೇಕಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 1953ರ ಸಂಗತಿ. ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಆ ವರ್ಷ ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳಿಗೆ ಹೊಸದೊಂದು ವ್ಯವಸ್ಥೆಯನ್ನು ತಂದರು. ದಿನಕ್ಕೆ ಐದು ಗಂಟೆಯ ಪಾಠ ಮೂರು ಗಂಟೆಗೆ ಇಳಿಯಿತು. ಮಕ್ಕಳನ್ನು ಎರಡು ಪಾಳಿಯಾಗಿ ಒಡೆದು, ಅದೇ ಉಪಾಧ್ಯಾಯರು ಬೆಳಗ್ಗೆ ಒಂದು ಗುಂಪಿಗೆ, ಮಧ್ಯಾಹ್ನ ಇನ್ನೊಂದು ಗುಂಪಿಗೆ ಕಲಿಸಬೇಕು. ಉಳಿದ ವೇಳೆಯಲ್ಲಿ ಮಗು ಮನೆಯಲ್ಲಿದ್ದು ತಂದೆಯ ಕಸುಬನ್ನು ಕಲಿಯಬೇಕು. ರಾಜಾಜಿಯವರ ಉದ್ದೇಶವನ್ನು ಹಗುರವಾಗಿ ಕಾಣಲಾಗದು. ಶಾಲೆಯ ಹೊರಗುಳಿದ ಮಕ್ಕಳ ಸಂಖ್ಯೆ ದೊಡ್ಡದು, ಕಟ್ಟಡವಿಲ್ಲ, ಹಣವಿಲ್ಲ. ಇರುವ ಕೊಠಡಿಯಲ್ಲಿ, ಇರುವ ಉಪಾಧ್ಯಾಯರಿಂದ ಎರಡು ಪಟ್ಟು ಮಕ್ಕಳಿಗೆ ಅಕ್ಷರ ಮುಟ್ಟಿಸಬಹುದಲ್ಲ ಎಂಬುದು ಅವರ ಲೆಕ್ಕ. ಚೌಕಗಳ ಲೆಕ್ಕವಾಗಿ ಅದು ಸರಿಯಾದುದೇ.

ಹಿಂದಿನ ಹಾಳೆಯನ್ನು ತೆಗೆದು ನೋಡಿದರೆ ಮಾತ್ರ ಕೊರತೆ ತಿಳಿಯುತ್ತದೆ. ‘ತಂದೆಯ ಕಸುಬು’ ಎಂಬ ವಿಷಯಕ್ಕೆ ದಿನದ ದೊಡ್ಡ ಪಾಲು ಮೀಸಲಾಯಿತು. ಅದರ ಮುಂದಿನ ಅಂಕಣಗಳೋ ಖಾಲಿ. ಪಾಠಕ್ರಮವೇನು? ಉಪಾಧ್ಯಾಯ ಯಾರು? ಕಲಿತನೆಂದು ನೋಡುವವರು ಯಾರು? ಕೊಳ್ಳೇಗಾಲದ ಸುತ್ತ ರೇಷ್ಮೆ ಸೀರೆ ನೇಯುವ ಮನೆಗಳಿವೆ. ಮಗ್ಗದ ಪಕ್ಕ ಕುಳಿತ ಮಗು ಏನಾದರೂ ಕಲಿತೀತೆಂದು ಒಪ್ಪೋಣ. ಹನೂರಿನ ಕಡೆ ಮಳೆ ನಂಬಿ ರಾಗಿ ಬಿತ್ತುವ, ಅನ್ಯರ ಹೊಲದಲ್ಲಿ ಕೂಲಿ ಮಾಡುವ ತಂದೆಯ ಮಗು ಆ ಎರಡು ಗಂಟೆಯಲ್ಲಿ ಏನನ್ನು ಕಲಿಯಬೇಕಿತ್ತು? ಕೂಲಿಯನ್ನೇ ಅಲ್ಲವೆ? ಜಾಡಮಾಲಿಯ ಮಗನಿಗೆ ಯಾವ ವಿದ್ಯೆ? ಈ ಪ್ರಶ್ನೆಯನ್ನು ಎತ್ತಿದವರು ಯೋಜನೆಗೆ ‘ಕುಲಕಸುಬಿನ ಶಿಕ್ಷಣ’ ಎಂದು ಹೆಸರಿಟ್ಟರು. ದ್ರಾವಿಡ ಚಳವಳಿಯ ನಾಯಕರು ಮಾತ್ರವಲ್ಲ, ಕಾಂಗ್ರೆಸ್ಸಿನೊಳಗಿನವರೂ ಎದುರು ನಿಂತರು. ಪರುಳೇಕರ್ ಅವರ ನೇತೃತ್ವದ ತಜ್ಞರ ಸಮಿತಿ ಯೋಜನೆಯನ್ನು ಬಹುಮಟ್ಟಿಗೆ ಮೆಚ್ಚಿತು. ಆದರೆ ಜನದ ಮನಸ್ಸು ಆಗಲೇ ಮುರಿದಿತ್ತು. 1954ರ ಏಪ್ರಿಲಿನಲ್ಲಿ ರಾಜಾಜಿ ಅಧಿಕಾರದಿಂದ ಇಳಿದರು, ಕಾಮರಾಜರು ಬಂದರು, ಮೇ ತಿಂಗಳಲ್ಲಿ ಯೋಜನೆ ರದ್ದಾಯಿತು. ಅದು ಜಾರಿಯಲ್ಲಿದ್ದುದು ಒಂದೇ ಶಾಲಾವರ್ಷ. ಹೊಳೆಯಾಚೆ ಯಳಂದೂರಿನಲ್ಲಿ, ಅದು ಮೈಸೂರಾದ್ದರಿಂದ, ಮಕ್ಕಳು ಆ ವರ್ಷವೂ ಎಂದಿನಂತೆ ಇಡೀ ದಿನದ ಶಾಲೆಗೆ ಹೋಗಿಬಂದರು.

ಕಸುಬನ್ನು ಶಾಲೆಗೆ ತರುವ ಮಾತು ರಾಜಾಜಿಯವರದೇ ಏನಲ್ಲ. 1937ರಲ್ಲಿ ಗಾಂಧೀಜಿಯವರ ವಾರ್ಧಾ ಯೋಜನೆಗೆ ಪಾಠಕ್ರಮ ಬರೆದ ಜಾಕಿರ್ ಹುಸೇನ್ ಸಮಿತಿ ದಿನದ ಐದೂವರೆ ಗಂಟೆಯನ್ನು ನಿಮಿಷದ ಲೆಕ್ಕದಲ್ಲಿ ಹಂಚಿತ್ತು: ಕಸುಬಿಗೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40, ಸಂಗೀತ, ಚಿತ್ರ, ಗಣಿತ ಕೂಡಿ 40, ಸಮಾಜಪಾಠ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30, ವ್ಯಾಯಾಮಕ್ಕೆ 10, ವಿರಾಮಕ್ಕೆ 10. ಗಣಿತವನ್ನು ಹೀಗೆ ಮೂಲೆಗೆ ಒತ್ತಿದ್ದು ನನಗೆ ಒಪ್ಪಿಗೆಯಿಲ್ಲ. ಆದರೂ ಅಲ್ಲಿ ಕಸುಬಿಗೆ ಪಾಠಕ್ರಮವಿತ್ತು, ಗುರುವಿದ್ದ, ಸ್ಥಳವಿತ್ತು. ಕುಲ ಯಾವುದೇ ಇರಲಿ, ಎಲ್ಲ ಮಕ್ಕಳಿಗೂ ಒಂದೇ ರಾಟೆ. 1953ರಲ್ಲಿ ಮೊದಲು ಗಂಟೆಯನ್ನು ಕತ್ತರಿಸಿ, ಅದರಲ್ಲಿ ಏನು ತುಂಬಬೇಕೆಂಬುದನ್ನು ಮನೆಯವರಿಗೆ ಬಿಟ್ಟರು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಸೇರಿತು. ಬಸ್ಸಿನ ಹಲಗೆ, ಕಚೇರಿಯ ಮೊಹರು ಬದಲಾಗುವುದು ಸುಲಭ. ಮದರಾಸಿನ ಕ್ರಮದಲ್ಲಿ ಅರ್ಧ ದಾರಿ ನಡೆದಿದ್ದ ವಿದ್ಯಾರ್ಥಿಯನ್ನು ಹೊಸ ಕ್ರಮದ ಯಾವ ತರಗತಿಯಲ್ಲಿ ಕೂರಿಸಬೇಕೆಂಬುದು ಹಾಗಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಯ ಪಾಠಪಟ್ಟಿಗಳನ್ನು ಒಂದಾಗಿ ಹೊಲಿಯುವುದಕ್ಕೆ ವರ್ಷಗಳು ಹಿಡಿದವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಅಧಿನಿಯಮ ಬಂತು. ಏಳು ವರ್ಷದ ಪ್ರಾಥಮಿಕ, ಮೂರು ವರ್ಷದ ಪ್ರೌಢಶಾಲೆ ಎಂಬ ಚೌಕಟ್ಟು ನೆಲೆಗೊಂಡಿತು. ರಾಜ್ಯಗಳ ಏಕೀಕರಣವನ್ನು ಕುರಿತು ಭಾಷಣಗಳು ಬೇಕಾದಷ್ಟಿವೆ. ಪಾಠಪಟ್ಟಿಗಳ ಏಕೀಕರಣವನ್ನು ಮಾಡಿದ ಗುಮಾಸ್ತರನ್ನು, ಶಾಲಾ ತನಿಖಾಧಿಕಾರಿಗಳನ್ನು ನೆನೆದವರು ಕಡಿಮೆ.

ಗಡಿಯ ಗೆರೆ ಎಲ್ಲರನ್ನೂ ಒಳಗೆ ತರಲಿಲ್ಲ. ಬೆಟ್ಟದಾಚೆಯ ತಾಳವಾಡಿ ಫಿರ್ಕಾ ಮದರಾಸಿನಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲಿಯೇ. ಆ ನಾಡಿನ ಕನ್ನಡ ಮಗುವಿಗೆ 2006ರ ತಮಿಳು ಕಲಿಕೆಯ ಕಾನೂನು ಒಂದನೆಯ ತರಗತಿಯಿಂದ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಈಚೆಗೆ, ಕರ್ನಾಟಕದಲ್ಲಿ, ಇದೇ ‘ಪ್ರಥಮ ಭಾಷೆ’ ಎಂಬ ಅಂಕಣಕ್ಕಾಗಿ ನಡೆದ ಹೋರಾಟವನ್ನು ಓದುಗರು ಮರೆತಿರಲಾರರು. 1980ರ ಜುಲೈಯಲ್ಲಿ ರಚಿತವಾದ ವಿ. ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ. 1982ರಲ್ಲಿ ಬೀದಿಗಿಳಿದ ಚಳವಳಿಗೆ ಗಾಜನೂರಿನ ಮಗನೇ ದನಿಯಾದರು. ಮುಂದೆ ಆಜ್ಞೆಗಳು, ನ್ಯಾಯಾಲಯಗಳು. ಕೊನೆಗೆ ಪ್ರಥಮ ಭಾಷೆಗೆ 125, ಮಿಕ್ಕ ಐದಕ್ಕೆ ನೂರುನೂರು ಎಂಬ 625ರ ಎಸ್.ಎಸ್.ಎಲ್.ಸಿ. ರೂಢಿಯಾಯಿತು. ಇಪ್ಪತ್ತೈದು ಅಂಕದ ಹೆಚ್ಚಳ ಸಣ್ಣದೆನಿಸಬಹುದು. ಅಂಕ ಹೆಚ್ಚಿದಲ್ಲಿಗೆ ಪೀರಿಯಡ್ಡು ಹೋಗುತ್ತದೆ, ಪೀರಿಯಡ್ಡು ಹೋದಲ್ಲಿಗೆ ಉಪಾಧ್ಯಾಯರ ಹುದ್ದೆ ಹೋಗುತ್ತದೆಂಬುದು ಪಟ್ಟಿ ಬರೆದವರಿಗೆ ಗೊತ್ತು.

ಕನ್ನಡದ ನ್ಯಾಯವನ್ನು ಹೀಗೆ ಕೇಳಿದ ನಾವು ನಮ್ಮದೇ ಬೆಟ್ಟಗಳ ಮಗ್ಗುಲಲ್ಲಿ ಯಾರಿದ್ದಾರೆಂದು ನೋಡಬೇಡವೆ? ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಸುತ್ತ ಮನೆಮಾತು ತಮಿಳು. ಒಡೆಯರಪಾಳ್ಯದ ಬಳಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ನರಿದ್ದಾರೆ. ಅವರ ಮಕ್ಕಳಿಗಾಗಿ ಟಿಬೆಟನ್ ಭಾಷೆಯ ಪೀರಿಯಡ್ಡು ಪಟ್ಟಿಯೊಳಕ್ಕೆ ಬಂತು. ದೇಶ ಕಳೆದುಕೊಂಡವರು ಮೊದಲು ಕಾಪಾಡಿಕೊಂಡದ್ದರಲ್ಲಿ ಇದೊಂದು. ಇನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರ ನುಡಿ ಕನ್ನಡಕ್ಕೆ ಹತ್ತಿರದ್ದೇ, ಆದರೆ ಪುಸ್ತಕದ ಕನ್ನಡವಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ಶಾಲೆಯನ್ನೂ ತೆರೆದರು. ಆ ಕೇಂದ್ರ ಕಸುಬಿನ ತರಬೇತಿಗೂ ಜಾಗ ಕೊಟ್ಟಿತು. 1953ರ ಮಾತೇ ಇಲ್ಲಿ ಮತ್ತೆ ಕೇಳಿಬಂದಂತೆ ತೋರಬಹುದು. ಆದರೆ ಇಲ್ಲಿ ಓದನ್ನು ಕತ್ತರಿಸಿ ಕಸುಬನ್ನು ಮನೆಗೆ ಅಟ್ಟಲಿಲ್ಲ. ಕಲಿಸುವವರನ್ನು, ಸ್ಥಳವನ್ನು ಗೊತ್ತುಮಾಡಿ, ಓದಿನ ಜೊತೆಗೆ ಅದನ್ನೂ ಇಟ್ಟರು.

2009ರ ಶಿಕ್ಷಣ ಹಕ್ಕಿನ ಕಾಯಿದೆ ಈ ಹಾಳೆಗೆ ದೇಶಕ್ಕೆಲ್ಲ ಒಂದು ಕನಿಷ್ಠ ಮಿತಿಯನ್ನು ಬರೆಯಿತು. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ಉಪಾಧ್ಯಾಯರಿಗೆ ವಾರಕ್ಕೆ 45 ಗಂಟೆ, ಅದರಲ್ಲಿ ಪಾಠದ ತಯಾರಿಯೂ ಸೇರಿದೆ. ತಯಾರಿಯನ್ನು ಕೆಲಸವೆಂದು ಕಾನೂನು ಒಪ್ಪಿಕೊಂಡದ್ದನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಚಿಕ್ಕ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆಯಾಯಿತು; ರಾಜಾಜಿಯವರ ಮೂರಕ್ಕಿಂತ ಒಂದು ಹೆಚ್ಚು.

ಅದೇ ಕಾಯಿದೆಯಂತೆ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರು. ಐದು ತರಗತಿ, ಇಬ್ಬರು ಗುರುಗಳು: ಇದಕ್ಕೆ ಎಂಥ ನಿಪುಣನೂ ಪಟ್ಟಿ ಬರೆಯಲಾರ. ನೆರೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ತೊಡಗಿದ ‘ನಲಿ-ಕಲಿ’ ಈ ತೊಡಕಿಗೆ ಬೇರೆಯೇ ದಾರಿ ಹಿಡಿಯಿತು. ತರಗತಿಗಳನ್ನು ಬೆರೆಸಿ, ಗಂಟೆಯನ್ನು ಬದಿಗಿಟ್ಟು, ಕಲಿಯಬೇಕಾದುದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಚೀಟಿಗಳಲ್ಲಿ ಬರೆದು, ಗೋಡೆಯ ಮೇಲೆ ಏಣಿಯಾಗಿ ತೂಗುಹಾಕಿತು. ಮುಂದೆ ರಾಜ್ಯದ ಶಾಲೆಗಳಿಗೆಲ್ಲ ಅದು ಹಬ್ಬಿತು. ಅಲ್ಲಿ ಮಗು ತನ್ನ ಶಕ್ತಿಯಂತೆ ಏರುತ್ತದೆ. ಮುಂದಿನ ಮೆಟ್ಟಿಲಿನವರು ಹಿಂದಿನವರಿಗೆ ನೆರವಾಗುತ್ತಾರೆ. ಕ್ಯಾಂಬೆಲ್ ದೊರೆ ಬಳ್ಳಾರಿಯಲ್ಲಿ ಕಂಡ ಮಠವೂ ಬಹುಮಟ್ಟಿಗೆ ಹೀಗೆಯೇ ಇತ್ತು, ಅಂಗೈಯ ಮೇಲಿನ ಏಟೊಂದನ್ನು ಬಿಟ್ಟರೆ. ನಾವು ಯಾರೂ ನೋಡದಂತೆ ಮೇಜಿನ ಖಾನೆಯಲ್ಲಿಡುತ್ತಿದ್ದ ಆ ಮೊದಲ ಹಾಳೆಯೇ ಈ ಶಾಲೆಗಳಲ್ಲಿ ಗೋಡೆಗೆ ಬಂದಿದೆ. ಆರು ವರ್ಷದ ಮಗು ಅದರ ಮುಂದೆ ನಿಂತು, ಇವೊತ್ತು ತಾನು ಎಲ್ಲಿದ್ದೇನೆಂದು ಬೆರಳಿಟ್ಟು ಹುಡುಕುತ್ತದೆ.