ಬೀಗದ ಕೈ, ಹಳೇ ಪಿಯಾನೊ, ಒಂದು ಕಾಲಯಂತ್ರ

ಹಳೇ ಪಿಯಾನೊದ ತಂತಿಗಳ ಮೇಲೆ ಮನೆಯ ಬೀಗದ ಕೈಯನ್ನು ಗರಗರ ಎಳೆದು ಬಂದ ಸದ್ದನ್ನು ಬ್ರಯನ್ ಹಾಡ್ಜ್‌ಸನ್ ಟೇಪಿನಲ್ಲಿ ಹಿಡಿದರು. ಅದನ್ನೇ ಹಿಂದುಮುಂದಾಗಿ ಓಡಿಸಿ, ಪ್ರತಿಧ್ವನಿ ಬೆರೆಸಿ ‘ಡಾಕ್ಟರ್ ಹೂ’ ಧಾರಾವಾಹಿಯ ಕಾಲಯಂತ್ರ ಟಾರ್ಡಿಸ್‌ಗೆ ಹೊರಡುವ ಸದ್ದು ಕೊಟ್ಟರು. ಆ ಧಾರಾವಾಹಿ ತಯಾರಾದದ್ದೇ ಹೀಗೆ, ಕೈಗೆ ಸಿಕ್ಕಿದ್ದರಲ್ಲಿ.

ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಮರುದಿನ, 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಮೊದಲ ಕಂತು ಬಂತು. ಮುಂದಿನ ಶನಿವಾರ ಅದನ್ನೇ ಇನ್ನೊಮ್ಮೆ ತೋರಿಸಿ ಎರಡನೆಯದಕ್ಕೆ ಹೋದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ, ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್‌ಗೆ 24. ಇವರ ಪಾಲಿಗೆ ಬಂದದ್ದು ಲಂಡನ್ನಿನ ಲೈಮ್ ಗ್ರೋವ್‌ನ ಇಕ್ಕಟ್ಟಾದ, ಬೇಯಿಸುವಂಥ ಸ್ಟುಡಿಯೊ. ಸೆಪ್ಟೆಂಬರಿನ ಮೊದಲ ಪ್ರಯತ್ನದಲ್ಲಿ ಟಾರ್ಡಿಸ್‌ನ ಬಾಗಿಲೇ ನೆಟ್ಟಗೆ ಮುಚ್ಚಿಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಇಡೀ ಕಂತನ್ನು ಮತ್ತೆ ತೆಗೆದರು.

ವಿಡಿಯೊಟೇಪು ದುಬಾರಿ, ಕತ್ತರಿ ಹಾಕುವುದು ಇನ್ನೂ ದುಬಾರಿ. ಹಾಗಾಗಿ ದೃಶ್ಯದ ಮೇಲೆ ದೃಶ್ಯ ಬಹುಪಾಲು ಒಂದೇ ಉಸಿರಿನಲ್ಲಿ ಸಾಗುತ್ತಿತ್ತು. ನಾಯಕ ಡಾಕ್ಟರನ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಮಾತು ತಪ್ಪಿದರೆ ತಪ್ಪು ಹಾಗೇ ಪ್ರಸಾರವಾಗುತ್ತಿತ್ತು. ಕಂಪನಿ ನಾಟಕ ನೋಡಿದವರಿಗೆ ಈ ಪಾಡು ಹೊಸದಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಶೀರ್ಷಿಕೆ ಸಂಗೀತ. ರಾಗ ಬರೆದವರು ರಾನ್ ಗ್ರೇನರ್. ಅದನ್ನು ಕೇಳುವಂತೆ ಮಾಡಿದವರು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್. ಸಿಂಥಸೈಜರ್ ಇಲ್ಲದ ದಿನಗಳು. ಮೀಟಿದ ಒಂದು ತಂತಿ, ಆಸಿಲೇಟರಿನ ಸದ್ದು ಇವುಗಳಿಂದ ಒಂದೊಂದೇ ಸ್ವರ ಮಾಡಿ, ಅದು ನಿಲ್ಲಬೇಕಾದಷ್ಟು ಹೊತ್ತಿಗೆ ತಕ್ಕ ಉದ್ದಕ್ಕೆ ಟೇಪು ಅಳೆದು, ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ತುಂಡಾದ ಕ್ಯಾಸೆಟ್ಟಿಗೆ ಸೆಲೋಟೇಪ್ ಹಚ್ಚಿ ಒದ್ದಾಡಿದವರಿಗೆ ಗೊತ್ತು, ಇದೆಂಥ ತಾಳ್ಮೆಯ ಕೆಲಸವೆಂದು. ಗ್ರೇನರ್ ಡೀಲಿಯಾರೊಂದಿಗೆ ಹೆಸರು ಹಂಚಿಕೊಳ್ಳಲು ಸಿದ್ಧರಿದ್ದರು, ಬಿಬಿಸಿಯ ನಿಯಮ ಬಿಡಲಿಲ್ಲ. ತೆರೆಯ ಮೇಲೆ ಡೀಲಿಯಾ ಹೆಸರು ಬಂದದ್ದು 2013ರಲ್ಲಿ, ಅವರು ತೀರಿಕೊಂಡು ಹನ್ನೆರಡು ವರ್ಷಗಳ ಮೇಲೆ.

ಡಾಕ್ಟರನ ಶತ್ರುಗಳಾದ ಡಾಲೆಕ್‌ಗಳದೂ ಅದೇ ಕಥೆ. ಆಕಾರ ಕೊಟ್ಟವರು ರೇಮಂಡ್ ಕ್ಯೂಸಿಕ್. ಕೈಯ ಜಾಗದಲ್ಲಿದ್ದದ್ದು ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು. ಸೈನ್ಯ ಕಾಣಬೇಕಾದಲ್ಲಿ ಹಿಂದೆ ಡಾಲೆಕ್‌ಗಳ ದೊಡ್ಡ ಫೋಟೊ ನಿಲ್ಲಿಸುತ್ತಿದ್ದರು. ಹಕ್ಕಿನ ಪಾಲು ಕಥೆ ಬರೆದ ಟೆರಿ ನೇಷನ್‌ಗಿತ್ತು, ಸಂಬಳದ ನೌಕರ ಕ್ಯೂಸಿಕ್‌ಗೆ ಇರಲಿಲ್ಲ.

1966ರಲ್ಲಿ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು. ಕಥೆಯಲ್ಲಿ ನಾಯಕನ ಮೈಯನ್ನೇ ಬದಲಿಸಿ ಪ್ಯಾಟ್ರಿಕ್ ಟ್ರೌಟನ್‌ರನ್ನು ತಂದರು. 1970ರಲ್ಲಿ ಬಣ್ಣ ಬಂತು. ಅದೇ ಹೊತ್ತಿಗೆ ಖರ್ಚು ಉಳಿಸಲು ಡಾಕ್ಟರನನ್ನು ಭೂಮಿಗೇ ಗಡೀಪಾರು ಮಾಡಿದರು. ಮುಷ್ಕರದಿಂದ ಸ್ಟುಡಿಯೊ ಸಿಗದೆ ಆ ವರ್ಷದ ಮೊದಲ ಕಥೆಯನ್ನು ಪೂರ್ತಿ ಫಿಲ್ಮಿನಲ್ಲಿ ತೆಗೆದದ್ದು ವರವೇ ಆಯಿತು. ಇಂದಿಗೂ ಕಣ್ಣಿಗೆ ಹಿತ. ಒಂದೇ ಬಣ್ಣದ ಪರದೆಯ ಮುಂದೆ ನಟರನ್ನು ನಿಲ್ಲಿಸಿ ಬೇರೆ ದೃಶ್ಯ ಕೂಡಿಸುವ ತಂತ್ರವೂ ಆಗ ರೂಢಿಗೆ ಬಂತು. ಕೂದಲಂಚಿನಲ್ಲಿ ಬಣ್ಣ ಮಿಣುಗುತ್ತಿತ್ತು, ಆದರೂ ಬಿಡಲಿಲ್ಲ.

ಇಷ್ಟೆಲ್ಲ ಮಾಡಿದ ಟೇಪುಗಳನ್ನು ಬಿಬಿಸಿ ಮತ್ತೆ ಬಳಸಲೆಂದು ಅಳಿಸಿಹಾಕಿತು. ವಿದೇಶಕ್ಕೆ ಮಾರಿದ ಫಿಲ್ಮ್ ಪ್ರತಿಗಳಿಂದ ಕೆಲವು ಮರಳಿದವು; 2013ರಲ್ಲಿ ನೈಜೀರಿಯಾದಿಂದಲೇ ಒಂಬತ್ತು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇನ್ನೂ ಸಿಕ್ಕಿಲ್ಲ. ದನಿ ಮಾತ್ರ ಒಂದೂ ಬಿಡದೆ ಉಳಿದಿದೆ. ಟಿವಿ ಎದುರು ಟೇಪ್ ರೆಕಾರ್ಡರ್ ಇಟ್ಟು, ಮನೆಮಂದಿಗೆಲ್ಲ ಸುಮ್ಮನಿರಿ ಎಂದು ಗದರಿದ ಹುಡುಗರು ಅದನ್ನು ಹಿಡಿದಿಟ್ಟಿದ್ದರು.