ಒರೆಯ ಕಡೆಯಿಂದ ಒಂದು ಚರಿತ್ರೆ: ಕುಕ್ರಿ, ಕಾಮಿ, ಸಾರ್ಕಿ

ಕನ್ನಡದಲ್ಲಿ ‘ಗೂರ್ಖಾ’ ಅಂದರೆ ರಾತ್ರಿ ಸೀಟಿ ಊದುತ್ತ, ಕೋಲು ಕುಟ್ಟುತ್ತ ಬೀದಿ ಕಾಯುವವನು. ಬ್ರಿಟಿಷರ ಪುಸ್ತಕಗಳಲ್ಲಿ ಅವನೇ ಹುಟ್ಟಾ ವೀರ. ಎರಡು ಚಿತ್ರಗಳಲ್ಲೂ ಅವನ ಸೊಂಟದಲ್ಲಿ ಒಂದು ಕುಕ್ರಿ ಇರುತ್ತೆ. ಈ ಕುಕ್ರಿಯನ್ನು ಬಡಿದವರು ಯಾರು, ಅದರ ಒರೆಯನ್ನು ಹೊಲಿದವರು ಯಾರು ಅಂತ ಎರಡು ಚಿತ್ರಗಳೂ ಹೇಳುವುದಿಲ್ಲ. ಆಯುಧಗಳ ಚರಿತ್ರೆಯನ್ನು ಹಿಡಿ ಹಿಡಿದವರ ಕಡೆಯಿಂದ ಬರೆದದ್ದೇ ಹೆಚ್ಚು. ಒರೆಯ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಕಂಪನಿಯ ನಿಯೋಗದ ಜೊತೆ ೧೭೯೩ರಲ್ಲಿ ನೇಪಾಳಕ್ಕೆ ಹೋದ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನ ಪುಸ್ತಕ ೧೮೧೧ರಲ್ಲಿ ಅಚ್ಚಾಯಿತು. ಅದರಲ್ಲಿ ಕುಕ್ರಿಯ ಚಿತ್ರವಿದೆ. ೧೮೧೪ರಿಂದ ೧೮೧೬ರವರೆಗೆ ಕಂಪನಿಗೂ ನೇಪಾಳಕ್ಕೂ ಯುದ್ಧ ನಡೆಯಿತು. ಆ ಯುದ್ಧ ಮುಗಿಯುವ ಮೊದಲೇ, ೧೮೧೫ರಲ್ಲಿ, ಕಂಪನಿಯು ಗೂರ್ಖಾಗಳನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿತು. ೧೮೯೦ರ ದಶಕದ ಹೊತ್ತಿಗೆ ಈಡನ್ ವ್ಯಾನ್ಸಿಟಾರ್ಟ್ ಎಂಬ ಅಧಿಕಾರಿ ಗೂರ್ಖಾ ಕುಲಗಳ ಬಗ್ಗೆ ಸೈನ್ಯಕ್ಕಾಗಿ ಕೈಪಿಡಿಗಳನ್ನೇ ಬರೆದಿದ್ದ. ಮಗರ, ಗುರುಂಗ, ರಾಯಿ, ಲಿಂಬು ಇವರೆಲ್ಲ ‘ಯುದ್ಧವೀರ ಜನಾಂಗ’ ಅನ್ನಿಸಿಕೊಂಡರು. ಕಬ್ಬಿಣದ ಕೆಲಸದ ಕಾಮಿ, ಚರ್ಮದ ಕೆಲಸದ ಸಾರ್ಕಿ, ಹೊಲಿಗೆ ಮತ್ತು ವಾದ್ಯದ ದಮಾಯಿ ಈ ಪಟ್ಟಿಯ ಹೊರಗೆ ಉಳಿದರು. ಜಾತಿಯ ಲೆಕ್ಕವನ್ನು ವಸಾಹತುಶಾಹಿ ಹೀಗೆ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತು.

ಈಗ ಕುಲುಮೆಗೆ ಬರೋಣ. ಇವತ್ತಿನ ಕಾಮಿ ಸಾಮಾನ್ಯವಾಗಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಮುಂದಕ್ಕೆ ಬಾಗಿದ ಅಲಗು ಮಾಡುತ್ತಾನೆ. ಕೊನೆಯ ಕೆಲಸ ಹದ ಕೊಡುವುದು. ಕಾದ ಅಲಗನ್ನು ಪೂರ್ತಿ ನೀರಿಗೆ ಅದ್ದುವುದಿಲ್ಲ. ಕೆಟಲಿನಿಂದ ಬಾಯಿಯ ಉದ್ದಕ್ಕೂ ಸಣ್ಣಗೆ ನೀರು ಸುರಿಯುತ್ತಾನೆ. ನೀರು ಬಿದ್ದ ಬಾಯಿ ಗಡುಸಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಹಾಗಾಗಿ ಮರ ಕಡಿದರೂ ಅಲಗು ಮುರಿಯೋದಿಲ್ಲ. ಎಲ್ಲಿ ಸುರಿಯಬೇಕು, ಎಷ್ಟು ಸುರಿಯಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಆ ಕೈಗೇ ಗೊತ್ತು. ಕುಕ್ರಿಯ ಕೀರ್ತಿಯೆಲ್ಲ ನಿಂತಿರುವುದು ಕಾಮಿ ಸುರಿದ ಈ ನೀರಿನ ಮೇಲೆ.

ಅದೇ ಕೈಯ ನೀರಿಗೆ ನೇಪಾಳದ ರಾಜ್ಯ ಏನು ಹೆಸರಿಟ್ಟಿತ್ತು? ಜಂಗ್ ಬಹಾದ್ದೂರ್ ರಾಣಾ ೧೮೫೪ರಲ್ಲಿ ‘ಮುಲುಕಿ ಐನ್’ ಎಂಬ ಕಾನೂನು ಸಂಹಿತೆ ತಂದ. ಅದು ಇಡೀ ದೇಶದ ಜನರನ್ನು ಮೇಲು ಕೀಳಿನ ಮೆಟ್ಟಿಲಲ್ಲಿ ಕೂರಿಸಿತು. ಕಾಮಿ, ಸಾರ್ಕಿ, ದಮಾಯಿಗಳನ್ನು ‘ನೀರು ನಡೆಯದವರು, ಮುಟ್ಟಿದರೆ ನೀರು ಚಿಮುಕಿಸಿಕೊಳ್ಳಬೇಕಾದವರು’ ಎಂಬ ವರ್ಗಕ್ಕೆ ಹಾಕಿತು. ಅವನು ನೀರು ಕೊಟ್ಟ ಅಲಗು ದಸರೆಯಲ್ಲಿ ಪೂಜೆಗೆ ಬರುತ್ತೆ. ಅವನು ಕೊಟ್ಟ ನೀರನ್ನು ಕುಡಿಯುವಂತಿಲ್ಲ. ಅಲಗಿನ ಬುಡದಲ್ಲಿ ಇರುವ ಸಣ್ಣ ಕಚ್ಚಿಗೂ ಗೋವಿನ ಗೊರಸು, ಶಿವನ ತ್ರಿಶೂಲ ಅಂತ ಅರ್ಥ ಹಚ್ಚಿದ್ದಾರೆ. ಕಚ್ಚಿಗೆ ಪುರಾಣ ಸಿಕ್ಕಿತು, ಅದನ್ನು ಕೊರೆದ ಕೈಗೆ ಅಸ್ಪೃಶ್ಯತೆ ಸಿಕ್ಕಿತು.

ನಮ್ಮ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕರ್ನಾಟಕದ ಕಮ್ಮಾರ ಅಸ್ಪೃಶ್ಯನಲ್ಲ, ನೇಪಾಳದ ಕಾಮಿ ಅಸ್ಪೃಶ್ಯ. ಅದೇ ಬೆಂಕಿ, ಅದೇ ಕಬ್ಬಿಣ, ಅದೇ ಸುತ್ತಿಗೆ. ಹಾಗಿದ್ದರೆ ಮೈಲಿಗೆ ಇರುವುದು ಎಲ್ಲಿ? ಕೆಲಸದ ಗುಣದಿಂದ ಜಾತಿ ಹುಟ್ಟಿತು ಎನ್ನುವ ಪುರೋಹಿತಶಾಹಿಯ ವಾದ ಈ ಒಂದು ಹೋಲಿಕೆಯ ಮುಂದೆಯೇ ಬಿದ್ದುಹೋಗುತ್ತದೆ. ಇನ್ನು ನಮ್ಮ ಭಾಷೆಯನ್ನೇ ಕೇಳಿ: ಉಕ್ಕಿಗೂ ‘ಹದ’, ತೊಗಲಿಗೂ ‘ಹದ’. ಭಾಷೆಗೆ ಕಾಣದ ಮೇಲುಕೀಳು ಊರಿಗೆ ಕಾಣುತ್ತದೆ. ಕಮ್ಮಾರನ ತಿದಿಯೇ ಚರ್ಮದ್ದು, ಅಲ್ವೆ? ಜಾತಿ ಎಂಬುದು ಶ್ರಮದ ವಿಭಜನೆಯಷ್ಟೇ ಆಗದೆ ಶ್ರಮಿಕರ ವಿಭಜನೆಯೂ ಆಗಿದೆ ಎಂದು ಅಂಬೇಡ್ಕರ್ ೧೯೩೬ರಲ್ಲೇ ಹೇಳಿದ್ದರು. ನೇಪಾಳದಲ್ಲೂ ಅಲಗಿನ ಕಾಮಿಗೂ ಒರೆಯ ಸಾರ್ಕಿಗೂ ನಡುವೆ ಊಟದ, ಮದುವೆಯ ಗೋಡೆ ಇತ್ತು. ಒಂದೇ ಕತ್ತಿಯಲ್ಲಿ ಇಬ್ಬರ ಬೆವರು ಸೇರಿದ್ದರೂ ಒಂದೇ ಪಂಕ್ತಿಯಲ್ಲಿ ಇಬ್ಬರು ಕೂರುವಂತಿರಲಿಲ್ಲ.

ಒರೆಯ ರಚನೆಯೂ ಗಮನಿಸುವಂಥದ್ದು. ಹಗುರವಾದ ಮರದ ಎರಡು ಸೀಳುಗಳನ್ನು ಅಲಗಿನ ಬಾಗಿಗೆ ತಕ್ಕಂತೆ ಒಳಗಡೆ ಕೆತ್ತಿ ಜೋಡಿಸುತ್ತಾರೆ. ಅದರ ಮೇಲೆ ಎಮ್ಮೆಯ ಇಲ್ಲವೇ ಕೋಣದ ತೊಗಲನ್ನು ನೆನೆಸಿ, ಎಳೆದು, ಬಿಗಿಯಾಗಿ ಹೊಲಿಯುತ್ತಾರೆ. ಒಣಗಿದಾಗ ತೊಗಲು ಬಿಗಿದುಕೊಂಡು ಮರವನ್ನು ಕಚ್ಚುತ್ತದೆ. ತುದಿಗೆ ಹಿತ್ತಾಳೆಯ ಟೋಪಿ. ಮರ ಏಕೆ? ತೊಗಲು ತೇವ ಹೀರುತ್ತದೆ. ಹದ ಮಾಡಿದ ರಸ, ಉಪ್ಪು ಅದರಲ್ಲಿ ಉಳಿದಿದ್ದರೆ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು. ಮರ ನಡುವೆ ನಿಂತು ಅಲಗನ್ನು ಕಾಯುತ್ತದೆ. ಇಷ್ಟಾದರೂ ಬಾಯಿಯ ಕಡೆ ಕೈಯಿಟ್ಟು ಕುಕ್ರಿ ಎಳೆಯಬಾರದು. ಒರೆಯನ್ನು ಸೀಳಿ ಬೆರಳಿಗೆ ಬರಬಹುದು. ನಿವೃತ್ತರಾಗುವ ಸೈನ್ಯಾಧಿಕಾರಿಗಳಿಗೆ ಕೊಡುವ ‘ಕೋಥಿಮೋರಾ’ ಕುಕ್ರಿಯ ಒರೆಗೆ ಬೆಳ್ಳಿಯ ಕುಸುರಿ ಇರುತ್ತದೆ. ಆ ಕುಸುರಿಯ ಕಸುಬಿನ ಸುನಾರರೂ ನೇಪಾಳದಲ್ಲಿ ದಲಿತರೇ.

ಈ ಕತ್ತಿಯನ್ನು ಹಿಂದೆ ಮಾರುತ್ತಿರಲಿಲ್ಲ ಎಂದೇ ಹೇಳಬಹುದು. ‘ಬಾಲಿಘರೆ’ ಪದ್ಧತಿಯಲ್ಲಿ ಕಾಮಿ ವರ್ಷವಿಡೀ ಮೇಲ್ಜಾತಿಯ ಮನೆಗಳ ಕುಡುಗೋಲು, ಕುಕ್ರಿ ಮಾಡಿ, ಹರಿತಗೊಳಿಸಿ ಕೊಡಬೇಕು. ಸುಗ್ಗಿಯಲ್ಲಿ ಅವರು ಅಳೆದುಕೊಟ್ಟ ಕಾಳು ತರಬೇಕು. ನಮ್ಮ ಆಯಗಾರರ ಆಯವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈನ್ಯದ ಬೇಡಿಕೆ, ಆಮೇಲೆ ಪ್ರವಾಸಿಗರ ಬೇಡಿಕೆ ಇದಕ್ಕೆ ನಗದು ತಂದವು. ಭೋಜಪುರ, ಧರಾನ್, ಕಾಠ್ಮಂಡುವಿನ ಥಮೇಲ್ ಹೆಸರಾದವು. ‘ಒರೆಯಿಂದ ಎಳೆದ ಕುಕ್ರಿ ರಕ್ತ ಕಾಣದೆ ಒಳಗೆ ಹೋಗದು’ ಎಂಬ ಸುಳ್ಳು ಕತೆಯೂ ಮಾಲಿನ ಜೊತೆ ಬಿಕರಿಯಾಯಿತು. ದಿನಾ ಸೌದೆ ಸೀಳುವ, ತರಕಾರಿ ಹೆಚ್ಚುವ ಕತ್ತಿ ಅದು! ಅಂಗಡಿಯಲ್ಲಿ ‘ಕೈಯಿಂದ ಮಾಡಿದ್ದು’ ಅಂತ ಬರೆದಿರುತ್ತೆ. ಯಾರ ಕೈ ಅಂತ ಸಾಮಾನ್ಯವಾಗಿ ಬರೆದಿರೋದಿಲ್ಲ.

ಈಗ ಕೊಳ್ಳುವವನ ಮುಂದೆ ಆಯ್ಕೆಗಳಿವೆ: ಮರ-ತೊಗಲಿನ ಒರೆ, ಬರೀ ತೊಗಲಿನ ಒರೆ, ಇಲ್ಲವೇ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಒರೆ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಲಗಿನ ಮೇಲೆ ಒತ್ತಿದರೆ ಅದೇ ಆಕಾರಕ್ಕೆ ನಿಲ್ಲುತ್ತೆ. ನೀರು ಕುಡಿಯದು, ಕೊಳೆಯದು. ಇದನ್ನು ಕಂಡು ‘ಪರಂಪರೆ ಹೋಯಿತು’ ಅಂತ ಗೋಳಾಡುವವರಿದ್ದಾರೆ. ಆ ಪರಂಪರೆಯಲ್ಲಿ ಸತ್ತ ದನ ಹೊರುವುದೂ ಇತ್ತು ಅನ್ನೋದನ್ನ ಅವರು ಮರೆಯುತ್ತಾರೆ. ೨೦೦೦ದ ಸುಮಾರಿಗೆ ನೇಪಾಳದ ತರಾಯಿಯ ಸಿರಹಾ, ಸಪ್ತರಿ ಜಿಲ್ಲೆಗಳ ಚಮಾರರು ಸತ್ತ ದನ ಎತ್ತೋದಿಲ್ಲ ಎಂದಾಗ ಮೇಲ್ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಆದ್ದರಿಂದ ತೊಗಲನ್ನು ವೈಭವೀಕರಿಸುವುದು ನಮ್ಮ ಕೆಲಸವಲ್ಲ. ಆದರೆ ಪ್ಲಾಸ್ಟಿಕ್ಕೂ ಬಿಡುಗಡೆ ತರುವುದಿಲ್ಲ. ಅದು ಸಾರ್ಕಿಯ ಹೊಲಿಗೆಯನ್ನು ಕಿತ್ತುಕೊಳ್ಳಬಲ್ಲದು, ಅವನ ಕೈಯ ನೀರನ್ನು ಕುಡಿಸಲಾರದು. ಕಸುಬು ಹೋದ ಮೇಲೂ ಜಾತಿ ಉಳಿಯುತ್ತದೆ.

೧೯೬೩ರ ಹೊಸ ಮುಲುಕಿ ಐನ್ ಜಾತಿ ಮೆಟ್ಟಿಲನ್ನು ತೆಗೆದುಹಾಕಿತು. ೨೦೧೧ರಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಿಸುವ ಕಾಯಿದೆ ಬಂತು. ಆದರೂ ೨೦೨೦ರ ಮೇ ತಿಂಗಳಲ್ಲಿ ಪಶ್ಚಿಮ ರುಕುಮ್ ಜಿಲ್ಲೆಯಲ್ಲಿ ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ವಿಶ್ವಕರ್ಮ ಮನೆಯ ಯುವಕನನ್ನೂ ಅವನ ಗೆಳೆಯರನ್ನೂ ಜನ ಅಟ್ಟಿಸಿಕೊಂಡು ಹೋದರು. ಆರು ಮಂದಿ ಸತ್ತರು. ಹೆಣಗಳು ಭೇರಿ ನದಿಯ ನೀರಿನಲ್ಲಿ ಸಿಕ್ಕವು.

ಕನ್ನಡದಲ್ಲಿ ‘ಒರೆ’ ಎಂದರೆ ಕತ್ತಿಯ ಮನೆ. ‘ಒರೆಗೆ ಹಚ್ಚು’ ಎಂದರೆ ಪರೀಕ್ಷಿಸು. ವಿಮರ್ಶೆಯನ್ನು ಒರೆಗಲ್ಲು ಅಂತ ಕರೆಯುವ ರೂಢಿ ನಮ್ಮಲ್ಲಿದೆ. ಅಲಗಿನ ಹೊಳಪನ್ನು, ಹಿಡಿದವನ ಶೌರ್ಯವನ್ನು ಮೆಚ್ಚಿಕೊಂಡು ಬಂದ ವಿಮರ್ಶೆ ಒರೆಯನ್ನು ತಿರುಗಿಸಿ ಹೊಲಿಗೆಯನ್ನು ನೋಡಲಿಲ್ಲ. ಒಳ್ಳೆಯ ಕುಕ್ರಿ ಕೊಳ್ಳುವವನು ಯಾವ ಒರೆಯನ್ನಾದರೂ ಆರಿಸಿಕೊಳ್ಳಲಿ. ಬಡಿದವನಿಗೆ, ಹೊಲಿದವನಿಗೆ ಎಷ್ಟು ಸಿಕ್ಕಿತು, ಅವರ ಹೆಸರೇನು ಎಂದು ಕೇಳಲಿ. ದಲಿತ ವಿಮರ್ಶೆ ಗ್ರಂಥಗಳನ್ನು ಕೇಳುವುದೂ ಇದನ್ನೇ.