ಮೂರು ಪಂದ್ಯದ ತೀರ್ಪು

2018ರ ಮಾರ್ಚ್ 7, ಬುಧವಾರ. ನಿಗಡಿಯ ಭಕ್ತಿ-ಶಕ್ತಿ ಚೌಕದಿಂದ ಹೆದ್ದಾರಿ ಹಿಡಿದು ಬಾಲೆವಾಡಿ ಕ್ರೀಡಾಂಗಣಕ್ಕೆ ಹೊರಟಿದ್ದೆ. ಅಂದು ಇಂಡಿಯನ್ ಸೂಪರ್ ಲೀಗ್‌ನ ಸೆಮಿಫೈನಲ್, ಮೊದಲ ಹಂತ: ಎಫ್‌ಸಿ ಪುಣೆ ಸಿಟಿ ಮತ್ತು ಬೆಂಗಳೂರು ಎಫ್‌ಸಿ. ಜೊತೆಗಿದ್ದವರು ನಮ್ಮ ಬಿಲ್ಡಿಂಗಿನ ಕೆಳಮನೆಯ ಕಾಕಾ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹಳೆಯ ಫುಟ್‌ಬಾಲ್ ಹುಚ್ಚಿನವರು. ಗೇಟಿನ ಹತ್ತಿರ ಅವರು ಮರಾಠಿಯಲ್ಲಿ ಕೇಳಿದರು: "ಆಪಣ್ ಜಿಂಕಣಾರ್ ಕಾ?" ನಾವು ಗೆಲ್ತೀವಾ?

ಭಾಷಾಶಾಸ್ತ್ರ ಓದಿದವರ ಕಿವಿ ಇಂಥ ಕಡೆ ನಿಂತುಬಿಡುತ್ತದೆ. ಮರಾಠಿಯಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. 'ಆಮ್ಹೀ' ಎಂದರೆ ನೀನು ಸೇರದ ನಾವು. 'ಆಪಣ್' ಎಂದರೆ ನೀನೂ ಸೇರಿದ ನಾವು. ಇಂದಿನ ಕನ್ನಡದಲ್ಲಿ ಈ ಭೇದ ಇಲ್ಲ, ಒಂದೇ 'ನಾವು' ಎಲ್ಲಕ್ಕೂ ಸಾಕು. ಕಾಕಾ ನನ್ನನ್ನು ಪುಣೆಯ ಲೆಕ್ಕಕ್ಕೆ ಸೇರಿಸಿಕೊಂಡೇ ಕೇಳಿದ್ದರು. ನನ್ನ ಬ್ಯಾಗಿನಲ್ಲಿ ಬೆಂಗಳೂರಿನ ನೀಲಿ ಟೀಶರ್ಟ್ ಮಡಚಿ ಇಟ್ಟಿತ್ತು. "ನೋಡೋಣ ಕಾಕಾ" ಎಂದೆ.

ಪಂದ್ಯ 0-0. ನಾಲ್ಕು ದಿನದ ನಂತರ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ಬೆಂಗಳೂರು 3-1 ರಿಂದ ಗೆದ್ದಿತು. ಆದರೆ ನಾನು ಹೇಳಹೊರಟದ್ದು ಆ ಗೋಲುಗಳ ಕಥೆಯಲ್ಲ. ಅಂದು ವಾಪಸ್ ಬರುವಾಗ ಕಾಕಾ ಹೂಡಿದ ವಾದದ ಕಥೆ. ಪುಣೆಯ ಕೋಚ್ ರಾಂಕೊ ಪೊಪೊವಿಚ್ ಸ್ವಂತ ನೆಲದಲ್ಲಿ ಇಷ್ಟು ಹುಷಾರಾಗಿ ಆಡಿಸಿದ್ದು ಸರಿಯೇ, ತಪ್ಪೇ? ಹೆದ್ದಾರಿಯುದ್ದಕ್ಕೂ ಅದೇ ಮಾತು. ಹೊಸ ಕೋಚ್ ಬಂದಾಗ ಅಭಿಮಾನಿಗಳು ನಡೆಸುವ ಈ ವಾದಕ್ಕೂ ಒಂದು ಇತಿಹಾಸವಿದೆ. ಅದನ್ನು ಬೆಂಗಳೂರು ಮತ್ತು ಪುಣೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ವಾದಕ್ಕಿಂತ ದೊಡ್ಡದೊಂದು ವಿಷಯ ಕಾಣುತ್ತದೆ.

*

ಬೆಂಗಳೂರಿನಲ್ಲಿ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ರೆಜಿಮೆಂಟುಗಳ ತಂಡಗಳೇ ಗೆಲ್ಲುತ್ತಿದ್ದ ಕಪ್ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ನಾಲ್ಕನೆಯದು 1968-69ರಲ್ಲಿ. ಐದನೆಯದಕ್ಕೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2 ರಿಂದ ಸೋಲಿಸಿತು.

ಈ ಐದು ದಶಕಗಳ ನಡುವೆ ಆಟ ನಿಂತಿರಲಿಲ್ಲ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಿದ್ದವು. ಆಟಗಾರನಿಗೆ ಸಂಬಳವಿತ್ತು, ನೌಕರಿಯ ಭದ್ರತೆಯಿತ್ತು. ಆದರೆ ವಾರವಾರವೂ 'ನಮ್ಮ ಕೋಚ್ ಹೀಗೇಕೆ ಮಾಡಿದ' ಎಂದು ಜಗಳವಾಡುವ ದೊಡ್ಡ ಅಭಿಮಾನಿ ವರ್ಗ ಆ ತಂಡಗಳ ಸುತ್ತ ಬೆಳೆಯಲಿಲ್ಲ. ಅದು ಬೆಳೆದದ್ದು 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಶುರುಮಾಡಿದ ಮೇಲೆ. ಕ್ರೀಡಾಂಗಣದ ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ಕೂಗುತ್ತಿದ್ದವರು 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು.

ಮೊದಲ ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದರು. 2015ರ ಜನವರಿಯಲ್ಲಿ ಫೆಡರೇಷನ್ ಕಪ್. ಅದೇ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ವಿರುದ್ಧ ಲೀಗಿನ ಕೊನೆಯ ಪಂದ್ಯ, ಗೆದ್ದರೆ ಮತ್ತೆ ಚಾಂಪಿಯನ್. ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲಿನಿಂದ 1-1 ಆಗಿ ಕಪ್ ಕೋಲ್ಕತ್ತಕ್ಕೆ ಹೋಯಿತು. ಆದರೂ 2016ರ ಏಪ್ರಿಲ್‌ನಲ್ಲಿ ಮತ್ತೆ ಐ-ಲೀಗ್ ಗೆದ್ದರು. ಮೂರು ಋತು, ಮೂರು ದೊಡ್ಡ ಕಪ್. ಆಮೇಲೆ ವೆಸ್ಟ್‌ವುಡ್ ಹೊರಟರು.

ಇಂಥವರ ಜಾಗಕ್ಕೆ ಬರುವುದು ಎಷ್ಟು ಕಷ್ಟ ಎಂದು ಹೊಸ ಸೊಸೆಯನ್ನು ಕೇಳಬೇಕು. ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ವೆಸ್ಟ್‌ವುಡ್ ತಂಡ ಓಟ, ಕಸುವು, ಎದುರಾಳಿಗೆ ಉಸಿರಾಡಲು ಬಿಡದ ಒತ್ತಡ ಇವುಗಳಿಂದ ಗೆಲ್ಲುತ್ತಿತ್ತು. ರೋಕಾ ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡು, ಪಾಸ್ ಮೇಲೆ ಪಾಸ್ ಕೊಡುತ್ತ ಮುಂದೆ ಹೋಗುವ ಆಟ ಕಲಿಸಿದರು. ಹಿಂದೆ ನಾಲ್ವರು ಡಿಫೆಂಡರ್‌ಗಳ ಬದಲು ಮೂವರನ್ನು ನಿಲ್ಲಿಸುವ ಪ್ರಯೋಗವನ್ನೂ ಮಾಡಿದರು.

ಇಲ್ಲಿ ಒಂದು ಪದದ ವಿಷಯ ಹೇಳಬೇಕು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಈ ಹುದ್ದೆಯವರನ್ನು ಮ್ಯಾನೇಜರ್ ಎನ್ನುವ ರೂಢಿ. ಆಟಗಾರರನ್ನು ಕೊಳ್ಳುವುದರಲ್ಲೂ ಅವರ ಮಾತು ನಡೆಯುತ್ತಿತ್ತು. ಕನ್ನಡದಲ್ಲಿ ಮ್ಯಾನೇಜರ್ ಎಂದರೆ ಬ್ಯಾಂಕಿನವರು. ಪತ್ರಿಕೆಗಳು 'ತರಬೇತುದಾರ' ಎನ್ನುತ್ತವೆ, ಜನ 'ಕೋಚ್' ಎನ್ನುತ್ತಾರೆ. ತರಬೇತುದಾರ ಎಂದರೆ ತರಬೇತಿ ಕೊಡುವವರು, ಅಷ್ಟೇ. ಆದರೆ ಸೋತಾಗ ನಾವು ಅವರ ಮೇಲೆ ಹೊರಿಸುವುದು ಮಾತ್ರ ಮ್ಯಾನೇಜರನ ಹೊಣೆ: ಯಾರನ್ನು ಕೊಂಡರು, ಯಾರನ್ನು ಬಿಟ್ಟರು, ಗಾಯಾಳುಗಳು ಎಷ್ಟು, ಎಲ್ಲವೂ ಅವರ ತಲೆಗೆ. ಪದ ಚಿಕ್ಕದು, ಹೊರೆ ದೊಡ್ಡದು.

ರೋಕಾ ಅವರ ಮೊದಲ ಪರೀಕ್ಷೆ ಎಎಫ್‌ಸಿ ಕಪ್. 2016ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ವಿರುದ್ಧ ಕಂಠೀರವದಲ್ಲಿ 1-0, ಅಲ್ಲಿ 0-0. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅಲ್ಲಿ 1-1. ಅಕ್ಟೋಬರ್ 19ರಂದು ಬೆಂಗಳೂರಿನಲ್ಲಿ 3-1. ಭಾರತದ ಕ್ಲಬ್ಬೊಂದು ಈ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1 ರಿಂದ ಸೋತರೂ ಊರಿಗೆ ಊರೇ ಹೆಮ್ಮೆ ಪಟ್ಟಿತು.

ವಾದ ಶುರುವಾದದ್ದು ಇಲ್ಲೇ. ಈ ಕೀರ್ತಿ ಯಾರದು? ತಂಡ ಕಟ್ಟಿದ್ದು ವೆಸ್ಟ್‌ವುಡ್, ಅವರು ಬಿಟ್ಟುಹೋದ ಬುತ್ತಿಯನ್ನೇ ರೋಕಾ ಉಣ್ಣುತ್ತಿದ್ದಾರೆ ಎಂಬುದು ಒಂದು ಕಡೆ. ಜೊಹೊರ್‌ನಂಥ ತಂಡವನ್ನು ಬರೀ ಕಸುವಿನಿಂದ ಸೋಲಿಸಲಾಗದು, ಅದಕ್ಕೆ ಹೊಸ ಆಟವೇ ಬೇಕಿತ್ತು ಎಂಬುದು ಇನ್ನೊಂದು ಕಡೆ. ಎರಡಕ್ಕೂ ಪುರಾವೆ ಇತ್ತು, ಎರಡೂ ಅರ್ಧ ಸತ್ಯ.

2017ರ ಜನವರಿಯಲ್ಲಿ ಐ-ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲಿ ಶಿಲ್ಲಾಂಗ್ ಲಾಜಾಂಗ್ ವಿರುದ್ಧ 3-0. ಮೊದಲ ಮೂರೂ ಪಂದ್ಯ ಗೆಲುವು. ಹೊಸ ಆಟದ ಪರ ಇದ್ದವರಿಗೆ ಹಬ್ಬ. ಆಮೇಲೆ ಸ್ವಂತ ನೆಲದಲ್ಲೇ ಈಸ್ಟ್ ಬೆಂಗಾಲ್ ಎದುರು 1-2. ಅಲ್ಲಿಂದ ವಾರಗಟ್ಟಲೆ ಗೆಲುವೇ ಇಲ್ಲ. ಹಾಲಿ ಚಾಂಪಿಯನ್ ನಾಲ್ಕನೇ ಸ್ಥಾನಕ್ಕೆ ಇಳಿದು ಋತು ಮುಗಿಸಿತು. ಆ ವರ್ಷ ಕಪ್ ಗೆದ್ದದ್ದು ಮಿಜೋರಾಮಿನ ಪುಟ್ಟ ತಂಡ ಐಜಾಲ್. ಅದರ ಕೋಚ್ ಖಾಲಿದ್ ಜಮೀಲ್ ಅವರನ್ನು ಮುಂಬೈ ಎಫ್‌ಸಿ ಆ ಋತುವಿಗೆ ಮುಂಚೆಯಷ್ಟೇ ಕೈಬಿಟ್ಟಿತ್ತು.

ಈಗ ವಾದದ ಭಾಷೆ ಗಮನಿಸಿ. ಗೆದ್ದ ರಾತ್ರಿ ಅಭಿಮಾನಿ "ಗೆದ್ವಿ" ಎನ್ನುತ್ತಾನೆ. ಸೋತ ರಾತ್ರಿ "ಸೋತ್ರು" ಎನ್ನುತ್ತಾನೆ. ಕನ್ನಡದ ಕ್ರಿಯಾಪದದ ತುದಿಯೇ ಸಾಕು, ಸರ್ವನಾಮ ಹೇಳಬೇಕಾಗಿಯೇ ಇಲ್ಲ. ಕಾಕಾನ ಮರಾಠಿಯಲ್ಲಿ ಎರಡು 'ನಾವು' ಇದ್ದರೆ ನಮ್ಮ ಅಭಿಮಾನಿಯ ಬಾಯಲ್ಲಿ ಅರ್ಧ 'ನಾವು' ಇದೆ. ಆ ಚಳಿಗಾಲದ ಬೆಂಗಳೂರಿನಲ್ಲಿ "ಗೆದ್ವಿ" ಎಂಬುದು "ಸೋತ್ರು" ಆಗಲು ಹೆಚ್ಚು ದಿನ ಬೇಕಾಗಲಿಲ್ಲ.

ಕ್ಲಬ್ ಮಾತ್ರ ರೋಕಾ ಅವರನ್ನು ಉಳಿಸಿಕೊಂಡಿತು. ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನನ್ನು 2-0 ರಿಂದ ಸೋಲಿಸಿ ಫೆಡರೇಷನ್ ಕಪ್ ಬಂತು. ಮುಂದಿನ ಋತುವಿನಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿ ನಿಂತಿತು, ಎರಡನೆಯವರಿಗಿಂತ 8 ಅಂಕ ಮುಂದೆ. ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2-3 ರಿಂದ ಸೋತರು, ಅದು ಬೇರೆ ಮಾತು. ಮರುವರ್ಷ ರೋಕಾ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅದೇ ಕಪ್ಪನ್ನು ಗೆದ್ದುಕೊಟ್ಟರು. ಮೂರು ಪಂದ್ಯ ನೋಡಿ ಹೊಗಳಿದವರೂ ತಪ್ಪಿದ್ದರು, ಆಮೇಲಿನ ವಾರಗಳನ್ನು ನೋಡಿ ತೆಗಳಿದವರೂ ತಪ್ಪಿದ್ದರು.

*

ಈಗ ಪುಣೆ. ಎಫ್‌ಸಿ ಪುಣೆ ಸಿಟಿ ಐದು ಋತುಗಳಲ್ಲಿ ಕಂಡ ಕೋಚ್‌ಗಳ ಪಟ್ಟಿ ಇದು: ಫ್ರಾಂಕೊ ಕೊಲೊಂಬಾ, ಡೇವಿಡ್ ಪ್ಲಾಟ್, ಆಂಟೊನಿಯೊ ಹಬಾಸ್, ಪೊಪೊವಿಚ್, ಮಿಗೆಲ್ ಏಂಜೆಲ್ ಪೋರ್ಚುಗಲ್, ಫಿಲ್ ಬ್ರೌನ್. ಮೊದಲ ಮೂರು ಋತುಗಳಲ್ಲಿ ಲೀಗ್ ಹಂತವೆಂದರೆ 14 ಪಂದ್ಯ, ಎರಡು-ಎರಡೂವರೆ ತಿಂಗಳು. ಅಷ್ಟರಲ್ಲಿ 'ಋತುವಿನ ಆರಂಭ' ಎಂಬುದೇ ಇಲ್ಲ. ಆಟಗಾರರ ಹೆಸರು ಬಾಯಿಗೆ ಬರುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. 2015ರಲ್ಲಿ ಪ್ಲಾಟ್ ಅವರ ತಂಡ ಮೊದಲ ಪಂದ್ಯದಲ್ಲೇ ಮುಂಬೈಯನ್ನು 3-1 ರಿಂದ ಸೋಲಿಸಿತು. ಕೊನೆಗೆ ಎಂಟು ತಂಡಗಳಲ್ಲಿ ಏಳನೆಯದಾಯಿತು.

ಪೊಪೊವಿಚ್ ಅವರೇ ತಂಡವನ್ನು ಮೊದಲ ಸಲ ಸೆಮಿಫೈನಲ್‌ಗೆ ತಂದವರು. ಆದರೆ ಮುಂದಿನ ಋತುವಿಗೆ ಅವರಿರಲಿಲ್ಲ. ಪೋರ್ಚುಗಲ್ ಬಂದರು. 2018ರ ಅಕ್ಟೋಬರ್‌ನಲ್ಲಿ ದೆಹಲಿ ವಿರುದ್ಧ 1-1, ಮುಂಬೈ ವಿರುದ್ಧ 0-2, ಬಾಲೆವಾಡಿಯಲ್ಲಿ ಬೆಂಗಳೂರಿನ ವಿರುದ್ಧ 0-3. ಅಲ್ಲಿಗೆ ಮುಗಿಯಿತು, ಮೂರು ಪಂದ್ಯಗಳಿಗೆ ಕೋಚ್ ಹೊರಗೆ. 18 ಪಂದ್ಯಗಳ ಲೀಗಿನಲ್ಲಿ ಮೂರು ಎಂದರೆ ಆರನೇ ಒಂದು ಭಾಗ. ಅನ್ನದ ಒಂದಗುಳು ಹಿಸುಕಿ ಬೆಂದಿದೆಯೇ ಎಂದು ನೋಡಬಹುದು ನಿಜ. ಆದರೆ ಒಲೆಗೆ ಇಟ್ಟ ಕೂಡಲೇ ಹಿಸುಕಿದರೆ ಅಕ್ಕಿಯ ತಪ್ಪೇ?

ಕಾಕಾ ಅಂದು ಕೆರಳಿದ್ದರು. ಅವರಿಗೆ ಪೋರ್ಚುಗಲ್ ಅವರ ಆಟ ಹಿಡಿಸಿರಲಿಲ್ಲ. ಆದರೂ "ಇನ್ನೂ ಬೈಯೋದಕ್ಕೇ ಶುರುಮಾಡಿರಲಿಲ್ಲವಲ್ಲ" ಎಂದರು. ತಮಾಷೆಯಾಗಿ ಕೇಳುತ್ತದೆ. ಆದರೆ ಅವರ ದುಃಖ ನಿಜವಾದದ್ದು. ಅದು ಒಬ್ಬ ಕೋಚ್‌ನ ದುಃಖವೂ ಅಲ್ಲ. ಹತ್ತು ವರ್ಷಗಳಲ್ಲಿ ಅವರು ಈ ಊರಿನಲ್ಲಿ ಕಂಡ ತಂಡಗಳನ್ನು ಲೆಕ್ಕ ಹಾಕಿ. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ 2012-13ರಲ್ಲಿ ಡೆರಿಕ್ ಪೆರೇರಾ ಅವರ ಕೈಕೆಳಗೆ ಐ-ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು, 2015ರಲ್ಲಿ ಮುಚ್ಚಿತು. ಭಾರತ್ ಎಫ್‌ಸಿ ಒಂದೇ ಋತು ಬಾಳಿತು. ಡಿಎಸ್‌ಕೆ ಶಿವಾಜಿಯನ್ಸ್ ಐ-ಲೀಗ್‌ನಲ್ಲಿ ಎರಡು ಋತು. ಉಳಿದದ್ದು ಪುಣೆ ಸಿಟಿ.

ಅದೂ 2019ರ ಆಗಸ್ಟ್‌ನಲ್ಲಿ ಮುಗಿಯಿತು. ಲೀಗಿನಲ್ಲಿ ಅದರ ಜಾಗ ಹೈದರಾಬಾದ್ ಎಫ್‌ಸಿಗೆ ಹೋಯಿತು. ಕೋಚ್ ಫಿಲ್ ಬ್ರೌನ್ ಕೂಡ ಅಲ್ಲಿಗೇ ಹೋದರು. ಮೊದಲ ಋತುವಿನಲ್ಲಿ ಹೈದರಾಬಾದಿಗೆ ಕೊನೆಯ ಸ್ಥಾನ, ನಡುವೆಯೇ ಬ್ರೌನ್ ಹೊರಗೆ. ಆಗ ಅವರು ಮುಂದಿನ ಋತುವಿಗೆಂದು ಕರೆತಂದದ್ದು ಯಾರನ್ನು ಗೊತ್ತೇ? ನಮ್ಮ ಆಲ್ಬರ್ಟ್ ರೋಕಾ ಅವರನ್ನು. ಆದರೆ 2020ರಲ್ಲಿ ಬಾರ್ಸಿಲೋನಾದಿಂದ ಕರೆ ಬಂದು ಅವರು ಹೊರಟರು. ಅವರ ಬದಲಿಗೆ ಬಂದ ಮನೊಲೊ ಮಾರ್ಕೆಸ್ ಮೊದಲ ವರ್ಷ ತಂಡವನ್ನು ಐದನೇ ಸ್ಥಾನಕ್ಕೆ ತಂದರು, ಸೆಮಿಫೈನಲ್ ಸಿಗಲಿಲ್ಲ. ಅವರನ್ನು ಮುಂದುವರಿಸಿದರು. 2022ರ ಮಾರ್ಚ್ 20ರಂದು ಹೈದರಾಬಾದ್ ಲೀಗ್ ಕಪ್ ಗೆದ್ದಿತು. ಪುಣೆಗೆ ಸಿಗದಿದ್ದ ತಾಳ್ಮೆ, ಪುಣೆ ಬಿಟ್ಟುಕೊಟ್ಟ ಜಾಗದಲ್ಲಿ ಫಲಕೊಟ್ಟಿತು.

*

ಹಾಗಾದರೆ ಕೋಚ್‌ಗೆ ಸುಮ್ಮನೆ ಕಾಲಾವಕಾಶ ಕೊಟ್ಟುಬಿಡಬೇಕೇ? ಅಷ್ಟು ಸರಳವಲ್ಲ. ಬೆಂಗಳೂರಿಗೇ ಕ್ಲಬ್ ಎರಡೂ ಬಗೆಯಲ್ಲಿ ನಡೆದುಕೊಂಡಿದೆ. ಕಪ್ ಗೆದ್ದುಕೊಟ್ಟ ಕ್ವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಸತತ ಸೋಲುಗಳ ನಂತರ, ಋತುವಿನ ನಡುವೆಯೇ ಕಳಿಸಿತು. ಸೈಮನ್ ಗ್ರೇಸನ್ 2022ರಲ್ಲಿ ಬಂದು ಡುರಾಂಡ್ ಕಪ್ ಗೆದ್ದರು. ಕೂಡಲೇ ಲೀಗಿನಲ್ಲಿ ಸೋಲಿನ ಮೇಲೆ ಸೋಲು. ಅವರನ್ನು ಇಟ್ಟುಕೊಂಡರು. ಅದೇ ತಂಡ ಲೀಗಿನ ಕೊನೆಗೆ ಸತತ ಎಂಟು ಪಂದ್ಯ ಗೆದ್ದು ಫೈನಲ್‌ವರೆಗೆ ಹೋಯಿತು. ಮರು ಋತುವಿನ ಡಿಸೆಂಬರ್‌ನಲ್ಲಿ ಅವರನ್ನೂ ಕಳಿಸಿದರು. ಯಾವಾಗ ಕಾಯಬೇಕು, ಯಾವಾಗ ಕಳಿಸಬೇಕು ಎಂಬುದಕ್ಕೆ ಸೂತ್ರ ಇಲ್ಲ. ಒಂದೆರಡು ಗೋಲುಗಳಲ್ಲಿ ತೀರ್ಮಾನವಾಗುವ ಆಟ ಇದು. ಕಂಬಕ್ಕೆ ಬಡಿದ ಚೆಂಡು ಒಳಗೆ ಹೋದರೆ ತಂತ್ರ, ಹೊರಗೆ ಹೋದರೆ ಮೂರ್ಖತನ.

ಆದರೆ ಸೂತ್ರ ಇಲ್ಲದಿರುವುದರಿಂದಲೇ ವಾದ ಬೇಕು. ಹೊಸ ಕೋಚ್ ಬಗ್ಗೆ ಜಗಳವಾಡುವ ಅಭಿಮಾನಿ ತಪ್ಪಿರಬಹುದು. ಬೆಂಗಳೂರಿನ ಚರಿತ್ರೆ ನೋಡಿದರೆ ಹೆಚ್ಚಿನ ಸಲ ತಪ್ಪಿದ್ದಾನೆ. ಆದರೂ ಅವನು ಆಡುವ ಪ್ರತಿ ಮಾತಿನ ಅಡಿಯಲ್ಲಿ ಒಂದು ನಂಬಿಕೆ ಇರುತ್ತದೆ: ಮುಂದಿನ ಶನಿವಾರ ಪಂದ್ಯ ಇದೆ, ಮುಂದಿನ ವರ್ಷವೂ ತಂಡ ಇರುತ್ತದೆ. ವೆಸ್ಟ್‌ವುಡ್ ದೊಡ್ಡವರೋ ರೋಕಾ ದೊಡ್ಡವರೋ ಎಂದು ಬೆಂಗಳೂರಿನವರು ಇವತ್ತಿಗೂ ಕಾದಾಡಬಲ್ಲರು, ಏಕೆಂದರೆ ಆ ಹೋಲಿಕೆಯನ್ನು ಹೊತ್ತು ನಿಲ್ಲಲು ಒಂದು ಕ್ಲಬ್ ಇದೆ. ಪುಣೆಯಲ್ಲಿ ಪೊಪೊವಿಚ್ ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸಿಗುವ ಮೊದಲೇ ಪ್ರಶ್ನೆ ಕೇಳುವ ಜಾಗವೇ ಹೋಯಿತು.

ಕಾಕಾ ಈಗಲೂ ಸಂಜೆ ಕೆಳಗೆ ಬೆಂಚಿನ ಮೇಲೆ ಸಿಗುತ್ತಾರೆ. ಬೆಂಗಳೂರಿನ ಪಂದ್ಯವಿದ್ದ ದಿನ ನಮ್ಮ ಮನೆಗೆ ಬಂದು ನೋಡುತ್ತಾರೆ, ಚಹಾ ಕುಡಿಯುತ್ತ ಕೋಚ್‌ಗೆ ಬೈಯುತ್ತಾರೆ. ಹೋದ ಸಲ ಸೋತಾಗ ನಾನು ಎಂದಿನಂತೆ "ಸೋತ್ರು" ಎಂದೆ. ಅವರು ತಿದ್ದಿದರು: "ಆಪಣ್ ಹರಲೋ." ನಾವು ಸೋತೆವು, ನೀನೂ ನಾನೂ ಸೇರಿ.